ಹೊರನಾಡಿನ ವಿದ್ಯಾರ್ಥಿ ಮತ್ತು ಯುರೋಪಿನ ವಿಶ್ವವಿದ್ಯಾಲಯ: ಶುಲ್ಕದ ಪ್ರಶ್ನೆಯ ಹಿಂದಿರುವ ಚರಿತ್ರೆ

ಜರ್ಮನಿಯಲ್ಲಿ ಓದು ಉಚಿತ ಎಂಬ ಮಾತು ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಆ ಮಾತು ಈಗ ಪೂರ್ತಿ ನಿಜವಲ್ಲ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರುಹೆ, ಹೈಡೆಲ್‌ಬರ್ಗ್, ಟ್ಯೂಬಿಂಗೆನ್ ನಗರಗಳಿರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯವು 2017ರ ಚಳಿಗಾಲದ ಸೆಮಿಸ್ಟರಿನಿಂದ, ಯುರೋಪಿಯನ್ ಒಕ್ಕೂಟದ ಆಚೆಯಿಂದ ಬರುವ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕ ವಿಧಿಸಿತು. ಅದೇ ತರಗತಿಯಲ್ಲಿ ಪಕ್ಕದಲ್ಲಿ ಕುಳಿತ ಜರ್ಮನ್ ವಿದ್ಯಾರ್ಥಿಗೆ ಆ ಶುಲ್ಕವಿರಲಿಲ್ಲ. ಇದನ್ನು ಬರಿಯ ಹಣಕಾಸಿನ ನಿರ್ಧಾರವೆಂದು ನೋಡಿದರೆ ವಿಷಯ ಅರ್ಧ ಮಾತ್ರ ತಿಳಿಯುತ್ತದೆ. ಹೊರಗಿನಿಂದ ಬಂದವರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಪ್ರಶ್ನೆ ಯುರೋಪಿನ ವಿಶ್ವವಿದ್ಯಾಲಯದಷ್ಟೇ ಹಳೆಯದು, ಏಕೆಂದರೆ ಅಲ್ಲಿನ ಅತ್ಯಂತ ಹಳೆಯ ವಿಶ್ವವಿದ್ಯಾಲಯ ಬೆಳೆದದ್ದೇ ಹೊರಗಿನವರ ಸಂಘವಾಗಿ.

ಇಟಲಿಯ ಬೊಲೊನ್ಯ ವಿಶ್ವವಿದ್ಯಾಲಯದ ಸ್ಥಾಪನೆಯನ್ನು ರೂಢಿಯಂತೆ 1088ಕ್ಕೆ ಇಡುತ್ತಾರೆ. ಅದನ್ನು ಯಾವ ಅರಸನೂ ಕಟ್ಟಿಸಲಿಲ್ಲ. ರೋಮನ್ ಕಾನೂನನ್ನು ಕಲಿಯಲು ಆಲ್ಪ್ಸ್ ಪರ್ವತದ ಎರಡೂ ಬದಿಯಿಂದ ಜನ ಆ ಪಟ್ಟಣಕ್ಕೆ ಬರುತ್ತಿದ್ದರು. ಊರಿನ ನಾಗರಿಕರಲ್ಲದ ಅವರಿಗೆ ಅಲ್ಲಿನ ಕಾನೂನಿನ ರಕ್ಷಣೆ ಇರಲಿಲ್ಲ; ಬಾಡಿಗೆ ಏರಿಸಿದರೆ ಕೇಳುವವರಿರಲಿಲ್ಲ; ತಮ್ಮ ನಾಡಿನವನೊಬ್ಬ ಮಾಡಿದ ಸಾಲಕ್ಕೆ ಇವರನ್ನು ಹಿಡಿದು ವಸೂಲಿ ಮಾಡುವ ಪದ್ಧತಿಯೂ ಇತ್ತು. ಚಕ್ರವರ್ತಿ ಫ್ರೆಡರಿಕ್ ಬಾರ್ಬರೊಸ್ಸ 1150ರ ದಶಕದಲ್ಲಿ ಹೊರಡಿಸಿದ ಶಾಸನವು ಈ ವಸೂಲಿಯನ್ನು ನಿಷೇಧಿಸಿ, ವಿದ್ಯೆಗಾಗಿ ಊರು ಬಿಟ್ಟು ಬಂದವರಿಗೆ ಸುರಕ್ಷಿತ ಪ್ರಯಾಣದ ಭರವಸೆಯನ್ನೂ, ತಮ್ಮ ಗುರುವಿನ ಅಥವಾ ಬಿಷಪ್ಪನ ಮುಂದೆಯೇ ವಿಚಾರಣೆಗೆ ಒಳಪಡುವ ಹಕ್ಕನ್ನೂ ಕೊಟ್ಟಿತು.

ಉಳಿದದ್ದನ್ನು ವಿದ್ಯಾರ್ಥಿಗಳು ತಾವೇ ಗಳಿಸಿಕೊಂಡರು. ನಾಡಿಗೊಂದರಂತೆ ಗುಂಪು ಕಟ್ಟಿಕೊಂಡು, ಆ ಗುಂಪುಗಳನ್ನು ಸೇರಿಸಿ ಸಂಘವಾಗಿ, ತಮ್ಮೊಳಗಿನವನೊಬ್ಬನನ್ನೇ ರೆಕ್ಟರ್, ಅಂದರೆ ಸಂಘದ ಮುಖ್ಯಸ್ಥ, ಎಂದು ಆರಿಸಿದರು. ಬೊಲೊನ್ಯದಲ್ಲೇ ಹುಟ್ಟಿದ ವಿದ್ಯಾರ್ಥಿಗೆ ಈ ಸಂಘದಲ್ಲಿ ಸದಸ್ಯತ್ವವಿರಲಿಲ್ಲ. ನಾಗರಿಕನಾದ ಅವನಿಗೆ ಊರಿನ ರಕ್ಷಣೆ ಮೊದಲೇ ಇತ್ತು. ಅಧ್ಯಾಪಕರ ಸಂಭಾವನೆ ವಿದ್ಯಾರ್ಥಿಗಳ ಕೈಯಿಂದಲೇ ಬರುತ್ತಿದ್ದುದರಿಂದ ಸಂಘದ ಮಾತಿಗೆ ತೂಕವಿತ್ತು: ಪಾಠ ತಡವಾಗಿ ಆರಂಭಿಸಿದರೆ ಅಥವಾ ಕಷ್ಟದ ಭಾಗವನ್ನು ಹಾರಿಸಿದರೆ ಅಧ್ಯಾಪಕರಿಗೆ ದಂಡ ಬೀಳುತ್ತಿತ್ತು, ಊರು ಬಿಟ್ಟು ಹೋಗಲು ಅನುಮತಿ ಬೇಕಾಗಿತ್ತು. ನಗರದ ಆಡಳಿತ ಮಣಿಯದಿದ್ದರೆ ವಿದ್ಯಾರ್ಥಿಗಳು ಊರನ್ನೇ ತೊರೆಯುತ್ತಿದ್ದರು. ಹಾಗೆ ಹೊರಟವರಿಂದ 1222ರಲ್ಲಿ ಪಾದುವ ವಿಶ್ವವಿದ್ಯಾಲಯ ಹುಟ್ಟಿತು. ವಿದ್ಯಾರ್ಥಿಗಳಿಗೆ ಇಷ್ಟು ಅಧಿಕಾರವಿದ್ದ ಇನ್ನೊಂದು ವ್ಯವಸ್ಥೆಯನ್ನು ವಿಶ್ವವಿದ್ಯಾಲಯಗಳ ಚರಿತ್ರೆಯಲ್ಲಿ ಕಾಣುವುದು ಕಷ್ಟ.

ಪ್ಯಾರಿಸ್ಸಿನಲ್ಲಿ ಅಧಿಕಾರ ಗುರುಗಳ ಸಂಘದ್ದು, ಆದರೆ ಅಸ್ತ್ರ ಅದೇ. 1229ರಲ್ಲಿ ಹೆಂಡದಂಗಡಿಯ ಲೆಕ್ಕದ ಜಗಳ ಗಲಭೆಯಾಗಿ, ನಗರದ ಕಾವಲು ಪಡೆ ಹಲವು ವಿದ್ಯಾರ್ಥಿಗಳನ್ನು ಕೊಂದಾಗ, ಗುರುಗಳು ಪಾಠ ನಿಲ್ಲಿಸಿ ಎರಡು ವರ್ಷ ಚದುರಿಹೋದರು. ಪೋಪ್ ಒಂಬತ್ತನೆಯ ಗ್ರೆಗರಿ 1231ರ ತನ್ನ ಆಜ್ಞೆಯಲ್ಲಿ, ಇಂಥ ಅನ್ಯಾಯವಾದಾಗ ಪಾಠ ನಿಲ್ಲಿಸುವ ಹಕ್ಕನ್ನು ಒಪ್ಪಿಕೊಳ್ಳಬೇಕಾಯಿತು. ಎಲ್ಲೆಡೆ ಬೋಧನೆ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದುದರಿಂದ ಒಂದು ಕಡೆ ಆರಂಭಿಸಿದ ಓದನ್ನು ಇನ್ನೊಂದು ಕಡೆ ಮುಂದುವರಿಸಲು ಭಾಷೆ ಅಡ್ಡ ಬರುತ್ತಿರಲಿಲ್ಲ. ಶುಲ್ಕ ಆಗಲೂ ಇತ್ತು. ಆದರೆ ಜರ್ಮನ್ ವಿಶ್ವವಿದ್ಯಾಲಯಗಳ ದಾಖಲೆಗಳಲ್ಲಿ ಬಡವರೆಂದು ನಮೂದಾದವರಿಗೆ ಪ್ರವೇಶ ಶುಲ್ಕದಲ್ಲಿ ರಿಯಾಯಿತಿ ಇತ್ತು ಎಂಬುದನ್ನು ಇಂದಿನ ಚರ್ಚೆಯಲ್ಲಿ ನೆನೆಯಲೇಬೇಕು.

ಹೊರಗಿನವರ ಸ್ಥಾನ ಕುಸಿದದ್ದು ರಾಜ್ಯದ ಕೈ ಬಲಿತಂತೆ. 1348ರಲ್ಲಿ ಸ್ಥಾಪನೆಯಾದ ಪ್ರಾಗ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ನಾಡಗುಂಪುಗಳಿದ್ದವು. 1409ರಲ್ಲಿ ದೊರೆ ನಾಲ್ಕನೆಯ ವೆನ್ಸೆಸ್ಲಾಸ್ ಪ್ರಾಗ್ ಇರುವ ಬೊಹೀಮಿಯ ನಾಡಿನವರಿಗೆ ಮೂರು ಮತ, ಉಳಿದ ಮೂರು ಗುಂಪುಗಳಿಗೆ ಒಟ್ಟಾಗಿ ಒಂದೇ ಮತ ಎಂದು ಆಜ್ಞೆ ಮಾಡಿದ. ಜರ್ಮನ್ ಗುರುಶಿಷ್ಯರು ಗುಂಪಾಗಿ ಹೊರಟರು. ಅದೇ ವರ್ಷ ಲೈಪ್ಜಿಗ್ ವಿಶ್ವವಿದ್ಯಾಲಯ ಆರಂಭವಾಯಿತು. ಕ್ರೈಸ್ತ ಧರ್ಮಸುಧಾರಣೆಯ ನಂತರ ಪ್ರತಿಯೊಬ್ಬ ಅರಸನಿಗೂ ತನ್ನ ಪಂಥದ, ತನ್ನ ಆಡಳಿತಕ್ಕೆ ಅಧಿಕಾರಿಗಳನ್ನು ಒದಗಿಸುವ ವಿಶ್ವವಿದ್ಯಾಲಯ ಬೇಕಾಯಿತು. 1810ರಲ್ಲಿ ವಿಲ್ಹೆಲ್ಮ್ ಫಾನ್ ಹುಂಬೋಲ್ಟ್ ರೂಪಿಸಿದ ಬರ್ಲಿನ್ ವಿಶ್ವವಿದ್ಯಾಲಯ ಬೋಧನೆಯನ್ನೂ ಸಂಶೋಧನೆಯನ್ನೂ ಒಂದುಗೂಡಿಸಿ, ಮತ್ತೆ ಹೊರದೇಶಗಳ ವಿದ್ಯಾರ್ಥಿಗಳನ್ನು ಸೆಳೆಯಿತು.

ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಸಿದವರಲ್ಲೂ ಹೊರಗಿನವರೇ ಮುಂದಿದ್ದರು. ಸ್ವಿಟ್ಜರ್ಲೆಂಡಿನ ಜೂರಿಕ್ ವಿಶ್ವವಿದ್ಯಾಲಯದಲ್ಲಿ 1867ರಲ್ಲಿ ವೈದ್ಯಕೀಯ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ನದೇಜ್ದಾ ಸುಸ್ಲೋವಾ ರಷ್ಯಾದವರು. ತಮ್ಮ ದೇಶದಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯ ಮುಚ್ಚಿದ್ದರಿಂದ ಅಲ್ಲಿಗೆ ಬಂದವರು. ಕನ್ನಡಕ್ಕೂ ಈ ಚರಿತ್ರೆಯಲ್ಲಿ ಒಂದು ಎಳೆಯಿದೆ. ಮಂಗಳೂರಿನಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ ಆರಂಭಿಸಿದ ಹೆರ್ಮನ್ ಮೋಗ್ಲಿಂಗ್ ಓದಿದ್ದು ಟ್ಯೂಬಿಂಗೆನ್ನಿನಲ್ಲಿ. ಕನ್ನಡ ನಿಘಂಟು ರಚಿಸಿದ ಫರ್ಡಿನೆಂಡ್ ಕಿಟೆಲ್ ಅವರಿಗೆ ಡಾಕ್ಟರೇಟ್ ಕೊಟ್ಟು ಗೌರವಿಸಿದ್ದೂ ಅದೇ ವಿಶ್ವವಿದ್ಯಾಲಯ. 2017ರ ಶುಲ್ಕದ ವ್ಯಾಪ್ತಿಗೆ ಟ್ಯೂಬಿಂಗೆನ್ನೂ ಸೇರಿತು ಎಂಬುದು ಕನ್ನಡ ಓದುಗರಿಗೆ ನೋವಿನ ಸಂಗತಿಯೇ ಸರಿ.

ಇಪ್ಪತ್ತನೆಯ ಶತಮಾನದ ಕೊನೆಗೆ ಯುರೋಪ್ ತನ್ನೊಳಗಿನ ಗಡಿಗಳನ್ನು ಮತ್ತೆ ಸಡಿಲಿಸಿತು. 1987ರಲ್ಲಿ ಎರಾಸ್ಮಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆ ಬಂತು. 1999ರ ಜೂನ್‌ನಲ್ಲಿ 29 ದೇಶಗಳ ಪ್ರತಿನಿಧಿಗಳು ಬೊಲೊನ್ಯದಲ್ಲಿಯೇ ಸೇರಿ, ಪದವಿಗಳನ್ನು ಪರಸ್ಪರ ಹೋಲಿಸಬಹುದಾದ ಸ್ವರೂಪಕ್ಕೆ ತರಲು ಒಪ್ಪಿದರು. ಜರ್ಮನಿಯ ಡಿಪ್ಲೋಮ್ ಮುಂತಾದ ದೀರ್ಘ ಪದವಿಗಳು ಬಹುಮಟ್ಟಿಗೆ ಹೋಗಿ ಬ್ಯಾಚುಲರ್ ಮತ್ತು ಮಾಸ್ಟರ್ ಬಂದವು. ಒಂದು ವರ್ಷದ ಪೂರ್ಣಾವಧಿ ಓದಿಗೆ 60 ಕ್ರೆಡಿಟ್ ಎಂಬ ಅಳತೆ ನೆಲೆಗೊಂಡಿತು. ಮಾಸ್ಟರ್ ಪದವಿ ಬೇರೆಯೇ ಹಂತವಾಗಿ, ಅದನ್ನು ಇಂಗ್ಲಿಷಿನಲ್ಲಿ ಕಲಿಸುವ ಕೋರ್ಸುಗಳು ಹೆಚ್ಚಿದ್ದರಿಂದಲೇ ಬಿ.ಇ. ಮುಗಿಸಿದ ನಮ್ಮ ವಿದ್ಯಾರ್ಥಿಗಳಿಗೆ ದಾರಿ ಸುಗಮವಾಯಿತು.

ಅದೇ ಕಾಲದಲ್ಲಿ ಹೊರಗಡಿ ಬಿಗಿಯಾಯಿತು. ಡೆನ್ಮಾರ್ಕ್ 2006ರಲ್ಲಿ, ಸ್ವೀಡನ್ 2011ರಲ್ಲಿ, ಫಿನ್‌ಲೆಂಡ್ 2017ರಲ್ಲಿ, ನಾರ್ವೆ 2023ರಲ್ಲಿ ಯುರೋಪಿನ ಆಚೆಯವರಿಗೆ ಶುಲ್ಕ ತಂದವು. ಜರ್ಮನಿಯ ಕಥೆ ಹೆಚ್ಚು ಬೋಧಪ್ರದ. 2005ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವು ಶುಲ್ಕದ ಮೇಲಿನ ಕೇಂದ್ರದ ನಿಷೇಧವನ್ನು ರದ್ದು ಮಾಡಿದ ಮೇಲೆ ಹಲವು ರಾಜ್ಯಗಳು ಎಲ್ಲ ವಿದ್ಯಾರ್ಥಿಗಳಿಂದಲೂ ಸೆಮಿಸ್ಟರಿಗೆ ಸುಮಾರು 500 ಯೂರೊ ಪಡೆಯತೊಡಗಿದವು. ವಿದ್ಯಾರ್ಥಿಗಳ ಪ್ರತಿಭಟನೆ ಮತ್ತು ಚುನಾವಣೆಗಳ ಒತ್ತಡದಿಂದ ಅವು ಒಂದೊಂದಾಗಿ ಹಿಂದೆ ಸರಿದು, 2014ರಲ್ಲಿ ಲೋವರ್ ಸ್ಯಾಕ್ಸನಿ ಕೊನೆಯದಾಗಿ ಶುಲ್ಕ ಕೈಬಿಟ್ಟಿತು. ಮೂರು ವರ್ಷಗಳ ನಂತರ ಬಾಡೆನ್-ವ್ಯೂರ್ಟೆಂಬರ್ಗ್ ಶುಲ್ಕ ತಂದಾಗ, ಅದು ಬಿದ್ದದ್ದು ರಾಜ್ಯದ ಚುನಾವಣೆಯಲ್ಲಿ ಮತವಿಲ್ಲದವರ ಮೇಲೆ. 2024ರ ಚಳಿಗಾಲದ ಸೆಮಿಸ್ಟರಿನಿಂದ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ ಯುರೋಪಿನ ಆಚೆಯಿಂದ ಹೊಸದಾಗಿ ಸೇರುವವರಿಗೆ ಕೋರ್ಸಿಗೆ ಅನುಗುಣವಾಗಿ ಸೆಮಿಸ್ಟರಿಗೆ 2,000ದಿಂದ 6,000 ಯೂರೊ ನಿಗದಿ ಮಾಡಿತು. ವಿದ್ಯಾರ್ಥಿ ವೇತನ ಮತ್ತು ಶುಲ್ಕ ವಿನಾಯಿತಿಗೆ ಅರ್ಜಿ ಹಾಕಲು ಅವಕಾಶ ಇಟ್ಟಿತು.