ತಲೆಯಾಡಿಸುವ ರೋಗಿ ಮತ್ತು ಮಾತಿನ ಚಿಕಿತ್ಸೆ

ಫ್ರಾಯ್ಡ್ ಆರಂಭಿಸಿದ ಮನೋವಿಶ್ಲೇಷಣೆಗೂ 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ರೂಪಿಸಿದ, ಯೋಚನೆಯ ರೀತಿಯನ್ನು ತಿದ್ದಲು ನೋಡುವ ಚಿಕಿತ್ಸಾಕ್ರಮಕ್ಕೂ ಸಿದ್ಧಾಂತದಲ್ಲಿ ಅಜಗಜಾಂತರವಿದೆ. ಆದರೂ ಪದ್ಧತಿ ಯಾವುದೇ ಇರಲಿ, ಚಿಕಿತ್ಸಕರಿಗೂ ಎದುರು ಕುಳಿತವರಿಗೂ ನಡುವಿನ ಸಂಬಂಧ ಗಟ್ಟಿಯಿದ್ದಲ್ಲಿ ಫಲಿತಾಂಶವೂ ಚೆನ್ನಾಗಿರುವುದು ಮತ್ತೆ ಮತ್ತೆ ಕಂಡುಬಂದಿದೆ. 2018ರಲ್ಲಿ 295 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ರೋಗಿಯಿಂದ ರೋಗಿಗೆ ಫಲಿತಾಂಶದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇಕಡಾ 8 ಪಾಲು ಈ ಸಂಬಂಧದೊಂದಿಗೆ ಹೊಂದಿಕೊಂಡಿತ್ತು. ಅಂಕಿ ಸಣ್ಣದೆನಿಸಬಹುದು, ಆದರೆ ಮನೋಚಿಕಿತ್ಸೆಯ ಸಂಶೋಧನೆಯಲ್ಲಿ ಇಷ್ಟು ಸ್ಥಿರವಾಗಿ ಕಾಣಿಸುವ ಅಂಶಗಳು ವಿರಳ.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಈ ಸಂಬಂಧವನ್ನು ಬಿಡಿಸಿ ನೋಡಿದರು. ಪರಸ್ಪರ ವಿಶ್ವಾಸವೊಂದೇ ಸಾಲದು, ಚಿಕಿತ್ಸೆಯ ಗುರಿ ಏನು, ಅದಕ್ಕಾಗಿ ಮಾಡಬೇಕಾದ ಕೆಲಸ ಯಾವುದು ಎಂಬ ಬಗ್ಗೆಯೂ ಇಬ್ಬರಿಗೆ ಒಪ್ಪಿಗೆಯಿರಬೇಕು ಎಂಬುದು ಅವರ ವಾದ. ಗುರಿಯ ಪ್ರಶ್ನೆ ನಮ್ಮಲ್ಲಿ ಬೇಗನೆ ತೊಡಕಾಗುತ್ತದೆ. ಮಗ ಮದುವೆಗೆ ಒಪ್ಪುತ್ತಿಲ್ಲವೆಂದು ತಂದೆ ಅವನನ್ನು ಕರೆತಂದಿದ್ದಾರೆ, ಮಗನಿಗೆ ಬೇಕಾಗಿರುವುದು ರಾತ್ರಿಯ ನಿದ್ದೆ ಎಂದುಕೊಳ್ಳೋಣ. ವೈಯಕ್ತಿಕ ಚಿಕಿತ್ಸೆಯಲ್ಲಿ ಮಗನ ಗುರಿಯೇ ಗುರಿ. ತಂದೆ ಹೊರಗೆ ನಿಂತು ‘ಏನಂದ?’ ಎಂದು ಕೇಳಿದರೂ ಒಳಗಿನ ಮಾತನ್ನು ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಹೇಳುತ್ತದೆ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿಯಿದೆ, ಅದನ್ನು ಮೊದಲ ಭೇಟಿಯಲ್ಲೇ ತಿಳಿಸಿಬಿಡುವುದು ಒಳ್ಳೆಯದು.

ಕೆಲಸದ ಬಗೆಗಿನ ಒಪ್ಪಿಗೆ ಇನ್ನೂ ಸೂಕ್ಷ್ಮ. ಆತಂಕ ಬಂದ ಹೊತ್ತಿನ ಯೋಚನೆಗಳನ್ನು ದಿನವೂ ಬರೆದಿಡಿ ಎಂದರೆ ‘ಆಯ್ತು ಮೇಡಂ’ ಎನ್ನುತ್ತಾರೆ, ಮುಂದಿನ ವಾರ ಖಾಲಿ ಹಾಳೆಯೊಂದಿಗೆ ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಮನೋವಿಜ್ಞಾನಿಗಳಾದ ಜೆರೆಮಿ ಸಾಫ್ರನ್ ಮತ್ತು ಕ್ರಿಸ್ಟೋಫರ್ ಮುರಾನ್ ಚಿಕಿತ್ಸೆಯ ಸಂಬಂಧದಲ್ಲಿ ಬೀಳುವ ಇಂಥ ಬಿರುಕುಗಳಲ್ಲಿ ಎರಡು ಬಗೆ ಗುರುತಿಸಿದ್ದಾರೆ: ನೇರವಾಗಿ ಆಕ್ಷೇಪಿಸುವುದು ಒಂದು, ಮೌನವಾಗಿ ಹಿಂದೆ ಸರಿಯುವುದು ಇನ್ನೊಂದು. ಹಿರಿಯರಿಗೂ ವೈದ್ಯರಿಗೂ ಎದುರಾಡಬಾರದೆಂದು ಕಲಿತು ಬೆಳೆದವರಲ್ಲಿ ಎರಡನೆಯದನ್ನೇ ಹೆಚ್ಚಾಗಿ ನಿರೀಕ್ಷಿಸಬೇಕು ಎಂಬುದು ನನ್ನ ಅನಿಸಿಕೆ. ಭಾರತೀಯ ಮನೋವೈದ್ಯ ಜೆ. ಎಸ್. ನೇಕಿ 1973ರಲ್ಲಿ ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಗೆ ಮಾದರಿಯಾಗಿ ಮುಂದಿಟ್ಟಿದ್ದರು. ಆ ಗೌರವದಿಂದ ಲಾಭವಿದೆ, ಆದರೆ ಭಿನ್ನಾಭಿಪ್ರಾಯ ಅದರಡಿಯಲ್ಲಿ ಸುಲಭವಾಗಿ ಮುಚ್ಚಿಹೋಗುತ್ತದೆ.

ಖಾಲಿ ಹಾಳೆ ಕಂಡಾಗ ‘ಯಾಕೆ ಬರೆಯಲಿಲ್ಲ?’ ಎಂದರೆ ಶಾಲೆಯ ಮೇಷ್ಟರ ದನಿ ಬಂದುಬಿಡುತ್ತದೆ. ‘ನಾನು ಕೊಟ್ಟ ಕೆಲಸ ನಿಮಗೆ ಹೊಂದಲಿಲ್ಲವೇನೋ, ಎಲ್ಲಿ ಕಷ್ಟವಾಯಿತು ಹೇಳಿ’ ಎಂದು ಕೇಳಿದರೆ, ಮನೆಯಲ್ಲಿ ಯಾರಾದರೂ ಓದಿಬಿಟ್ಟಾರು ಎಂಬ ಭಯ ಹೊರಬರಬಹುದು. ಆಗ ಬರೆಯುವ ಬದಲು ಭೇಟಿಯಲ್ಲೇ ಹೇಳಲಿ ಎಂದು ಇಬ್ಬರೂ ಸೇರಿ ತೀರ್ಮಾನಿಸಲು ಸಾಧ್ಯವಾಗುತ್ತದೆ.