ಫಾಸ್ಟಾಲ್ಫ್‌ ಆಸ್ತಿ ಕೊನೆಗೆ ಯಾರ ಪಾಲಾಯಿತು?

ಫ್ರಾನ್ಸಿನ ಯುದ್ಧದಲ್ಲಿ ಹಣ ಮಾಡಿದ ಇಂಗ್ಲಿಷ್ ಸೇನಾನಿ ಸರ್ ಜಾನ್ ಫಾಸ್ಟಾಲ್ಫ್ ತೀರಿಕೊಂಡಿದ್ದು 1459ರ ನವೆಂಬರ್ 5ಕ್ಕೆ. ಇಂಗ್ಲೆಂಡಿನ ಪೂರ್ವ ಕರಾವಳಿಯ ನಾರ್ಫೋಕ್‌ನಲ್ಲಿ, ತಾನೇ ಕಟ್ಟಿಸಿದ ಕೇಸ್ಟರ್ ಕೋಟೆಯಲ್ಲಿ. ಮಕ್ಕಳಿರಲಿಲ್ಲ. ಉಯಿಲಿನ ಹೊಸ ಮಾತು ಬಂದಿದ್ದು ಸಾಯುವ ಎರಡೇ ದಿನ ಮುಂಚೆ. ಮುಂದಿನ ಹದಿನೇಳು ವರ್ಷದ ಜಗಳಕ್ಕೆಲ್ಲ ಬುಡ ಅಲ್ಲೇ ಇದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬುಡ ಇನ್ನೂ ಐವತ್ತು ವರ್ಷ ಹಿಂದಿದೆ.

ಫಾಸ್ಟಾಲ್ಫ್‌ಗೆ ಪಿತ್ರಾರ್ಜಿತವಾಗಿ ಬಂದ ಜಮೀನಿನ ಹುಟ್ಟುವಳಿ ವರ್ಷಕ್ಕೆ ಬರೀ 46 ಪೌಂಡ್. 1409ರಲ್ಲಿ ಮಿಲಿಸೆಂಟ್ ಎಂಬ ವಿಧವೆಯನ್ನು ಮದುವೆಯಾದ. ಅವಳ ಕಡೆಯಿಂದ ಬಂದ ಜಮೀನು ವರ್ಷಕ್ಕೆ 240 ಪೌಂಡ್ ಕೊಡುತ್ತಿತ್ತು. ವಿಲ್ಟ್‌ಶೈರಿನ ಕಾಸಲ್ ಕೂಂಬ್ ಅದರಲ್ಲಿ ಮುಖ್ಯವಾದದ್ದು. ಆದರೆ ಅವಳಿಗೆ ಮೊದಲ ಗಂಡನಿಂದ ಸ್ಟೀಫನ್ ಸ್ಕ್ರೋಪ್ ಎಂಬ ಮಗನಿದ್ದ. ಆಸ್ತಿ ಫಾಸ್ಟಾಲ್ಫ್ ಬದುಕಿರುವ ತನಕ ಅವನಿಗೇ ಅಂತ ಬರೆಸಿದ್ದರಿಂದ ಆ ಹುಡುಗ ಕಾಯುತ್ತಾ ಕೂತ, ಅಮ್ಮ ತೀರಿಕೊಂಡ ಮೇಲೂ ಕಾದ, ಒಟ್ಟು ಐವತ್ತು ವರ್ಷ ಕಾದ. ಚಿಕ್ಕವನಿದ್ದಾಗ ಅವನ ಪೋಷಣೆಯ ಹಕ್ಕನ್ನೇ ಒಬ್ಬ ನ್ಯಾಯಾಧೀಶರಿಗೆ 500 ಮಾರ್ಕ್‌ಗೆ (ಒಂದು ಮಾರ್ಕ್ ಅಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು) ಮಾರಲಾಯಿತು, ಆಮೇಲೆ ವಾಪಸ್ ಕೊಳ್ಳಲಾಯಿತು. ಕಾನೂನಿನಲ್ಲಿ ಅದಕ್ಕೆ ಅವಕಾಶವಿತ್ತು. ನನ್ನನ್ನು ದನದ ಹಾಗೆ ಕೊಂಡು ಮಾರಿದರು, ಆ ಕಾಲದಲ್ಲಿ ಹಿಡಿದ ಕಾಯಿಲೆಯಿಂದ ಜನ್ಮಪೂರ್ತಿ ಕುರೂಪಿಯಾದೆ ಅಂತ ಸ್ಕ್ರೋಪ್ ಬರೆದಿಟ್ಟಿದ್ದಾನೆ. ಕೈಯಲ್ಲಿ ಕಾಸಿಲ್ಲದೆ ತನ್ನ ಪುಟ್ಟ ಮಗಳನ್ನೂ ಹಾಗೇ ಮಾರಬೇಕಾಯಿತು ಅಂತಲೂ ಬರೆದಿದ್ದಾನೆ. ಇದನ್ನು ಬಿಟ್ಟು ಈ ಆಸ್ತಿಯ ಕಥೆ ಹೇಳಿದರೆ ಅದು ಅರ್ಧ ಕಥೆ.

ಉಳಿದ ಆಸ್ತಿ ಬಂದಿದ್ದು ಫ್ರಾನ್ಸಿನ ಯುದ್ಧದಿಂದ. ಹಾರ್ಫ್ಲೂರ್, ವೆರ್ನೇ ಕದನಗಳು, ಕೈದಿಗಳ ಬಿಡುಗಡೆ ಹಣ, ಕೊಳ್ಳೆ, 1429ರ ಪಟೇ ಸೋಲು, ಹೇಡಿ ಅನ್ನುವ ಆರೋಪ, ವರ್ಷಗಟ್ಟಲೆ ಆದಮೇಲೆ ಅದರಿಂದ ಮುಕ್ತಿ. ಇಷ್ಟು ದುಡಿದ ಹಣದಲ್ಲಿ ಸುಮಾರು 14,000 ಪೌಂಡ್ ಇಂಗ್ಲೆಂಡಿನ ಜಮೀನಿಗೆ ಹೋಯಿತು, 6,000ಕ್ಕೂ ಜಾಸ್ತಿ ಕೇಸ್ಟರಿನ ಇಟ್ಟಿಗೆ ಕೋಟೆಗೆ.

ಆದರೆ ಕೊಂಡ ಜಮೀನಿಗೆ ಒಂದು ತೊಂದರೆ ಇರುತ್ತದೆ, ಹಳೆಯ ಹಕ್ಕುದಾರರು ಯಾರಾದರೂ ಎದ್ದು ಬರಬಹುದು. ಆಸ್ಥಾನದಲ್ಲಿ ನಿಮ್ಮ ಪರ ಮಾತಾಡುವವರಿದ್ದರೆ ಕ್ರಯಪತ್ರಕ್ಕೆ ಬೆಲೆ, ಇಲ್ಲದಿದ್ದರೆ ಅದು ಸುಮ್ನೆ ಚರ್ಮದ ಹಾಳೆ. ವಯಸ್ಸಾದ ಫಾಸ್ಟಾಲ್ಫ್‌ಗೆ ಅಂಥ ಬಲ ಇರಲಿಲ್ಲ. 1440ರ ದಶಕದಲ್ಲಿ ಆಸ್ಥಾನದಲ್ಲಿ ಪ್ರಬಲವಾಗಿದ್ದ ಸಫೋಕ್ ಡ್ಯೂಕನ ಮನೆತನದ ಕಡೆಯವರು ಎಸೆಕ್ಸಿನ ಡೆಡಮ್‌ನಂಥ ಜಮೀನುಗಳಿಗೆ ಕೈ ಹಾಕಿದರು. ಕೊನೆಗಾಲವೆಲ್ಲ ವಕೀಲರ ಜೊತೆಗೇ ಕಳೆಯಿತು.

ಇನ್ನು ಉಯಿಲು. ಕೇಸ್ಟರಿನಲ್ಲಿ ಒಂದು ಧರ್ಮಸಂಸ್ಥೆ ಆಗಬೇಕು, ಅಲ್ಲಿ ಏಳು ಸನ್ಯಾಸಿಗಳು ಪ್ರಾರ್ಥನೆ ಮಾಡಬೇಕು, ಏಳು ಬಡವರು ಅಲ್ಲೇ ಇರಬೇಕು ಅನ್ನುವುದು ಅವನ ಬಹುಕಾಲದ ಆಸೆ. ನವೆಂಬರ್ 3ರಂದು ಬಾಯಿಮಾತಿನಲ್ಲಿ ಹೇಳಿದ್ದು ಎನ್ನಲಾದ ಉಯಿಲಿನ ಪ್ರಕಾರ, ಈ ಕೆಲಸ ಮಾಡಿಸಿ 4,000 ಮಾರ್ಕ್ ಕೊಟ್ಟರೆ ನಾರ್ಫೋಕ್ ಮತ್ತು ಸಫೋಕ್‌ನ ಜಮೀನೆಲ್ಲ ಅವನ ವಕೀಲ ಜಾನ್ ಪಾಸ್ಟನ್‌ಗೆ. ಆ ಹೊತ್ತಿಗೆ ಹಾಸಿಗೆ ಪಕ್ಕದಲ್ಲಿ ಇಲ್ಲದ, ಉಯಿಲು ಜಾರಿಮಾಡಬೇಕಿದ್ದ ಉಳಿದವರು ಇದನ್ನು ಹೇಗೆ ಒಪ್ಪುತ್ತಾರೆ ಅಲ್ವಾ?

ಅದರ ಮೇಲೆ ಜಮೀನು ಹಲವು ಟ್ರಸ್ಟಿಗಳ ಹೆಸರಿನಲ್ಲಿತ್ತು. ವಾರಸುದಾರಿಕೆಯ ತೆರಿಗೆ, ರಾಜನ ಹಿಡಿತ ತಪ್ಪಿಸಲು ಆಗ ಎಲ್ಲರೂ ಹೀಗೇ ಮಾಡುತ್ತಿದ್ದರು. ಅವರು ಒಟ್ಟಿಗಿದ್ದರೆ ಸರಿ. ಇಲ್ಲಿ ಒಡೆದರು. ನ್ಯಾಯಾಧೀಶ ಯೆಲ್ವರ್ಟನ್, ಬಹುಕಾಲ ಫಾಸ್ಟಾಲ್ಫ್‌ನ ಕಾರ್ಯದರ್ಶಿಯಾಗಿದ್ದ ವಿಲಿಯಂ ವೂಸ್ಟರ್ ಎದುರು ನಿಂತರು. ಮೊದಲು ಪಾಸ್ಟನ್ ಜೊತೆಗಿದ್ದ ಪಾದ್ರಿ ಹೌಸ್ ಕೂಡ ಕೊನೆಗೆ ಆ ಕಡೆ ಹೋದ.

ಕೋರ್ಟಿನಲ್ಲಿ ಕೇಸು ಎಳೆಯುತ್ತಿರುವಾಗಲೇ ಹೊರಗೆ ದೊಣ್ಣೆ ಮಾತಾಡಿತು. 1465ರಲ್ಲಿ ಪಾಸ್ಟನ್ ಲಂಡನ್ನಿನ ಫ್ಲೀಟ್ ಜೈಲಿನಲ್ಲಿ ಇದ್ದಾಗ ಸಫೋಕ್ ಡ್ಯೂಕನ ಜನ ಫಾಸ್ಟಾಲ್ಫ್ ಆಸ್ತಿಗೆ ಸೇರಿದ ಹೆಲ್ಸ್‌ಡನ್ ಮನೆಯನ್ನು ಕೆಡವಿ ಚರ್ಚನ್ನೂ ದೋಚಿದರು. ದಿನವೂ ನಾರಿಚ್‌ನಿಂದ ಜನ ಬಂದು ನೋಡಿ ಛೀ ಅನ್ನುತ್ತಿದ್ದಾರೆ ಅಂತ ಹೆಂಡತಿ ಮಾರ್ಗರೆಟ್ ಗಂಡನಿಗೆ ಬರೆದಳು. ಮರುವರ್ಷ ಪಾಸ್ಟನ್ ಸತ್ತ. 1468ರಲ್ಲಿ ಯೆಲ್ವರ್ಟನ್ ಮತ್ತಿತರ ಟ್ರಸ್ಟಿಗಳು ಕೇಸ್ಟರನ್ನು ನಾರ್ಫೋಕ್ ಡ್ಯೂಕನಿಗೆ ಮಾರಿದರು. ಕಾಗದ ಡ್ಯೂಕನ ಕೈಲಿ, ಕೋಟೆ ಪಾಸ್ಟನ್ ಮಕ್ಕಳ ಕೈಲಿ. 1469ರ ಬೇಸಿಗೆಯಲ್ಲಿ ರಾಜ 4ನೇ ಎಡ್ವರ್ಡನೇ ವಾರಿಕ್ ಅರ್ಲ್ ಎಂಬ ದೊಡ್ಡ ಸರದಾರನ ಸೆರೆಯಲ್ಲಿದ್ದ, ತಡೆಯುವವರು ಯಾರು? ಡ್ಯೂಕ್ ಸುಮಾರು 3,000 ಜನರನ್ನು ಕರೆತಂದು ಮುತ್ತಿಗೆ ಹಾಕಿದ. ಒಳಗಿದ್ದವರು ಮೂವತ್ತು ಜನರ ಆಸುಪಾಸು, ಅವರ ಮುಂದಾಳು ಪಾಸ್ಟನ್‌ನ ಎರಡನೇ ಮಗ. ಮದ್ದು, ಬಾಣ, ಊಟ ಎಲ್ಲ ಮುಗಿಯುತ್ತಿದೆ, ತಮ್ಮನನ್ನು ಉಳಿಸು ಅಂತ ಮಾರ್ಗರೆಟ್ ಲಂಡನ್ನಿನಲ್ಲಿದ್ದ ದೊಡ್ಡ ಮಗನಿಗೆ ಬರೆದ ಪತ್ರ ಈಗಲೂ ಇದೆ. ಅದನ್ನು ಓದುವಾಗ ಕ್ರಯಪತ್ರ, ಉಯಿಲು ಎಲ್ಲ ಮರೆತುಹೋಗುತ್ತದೆ, ಒಬ್ಬ ತಾಯಿ ಮಾತ್ರ ಕಾಣುತ್ತಾಳೆ. ಸೆಪ್ಟೆಂಬರ್ ಕೊನೆಗೆ ಕೋಟೆ ಬಿಟ್ಟುಕೊಟ್ಟರು.

1470ರಲ್ಲಿ, ಉಯಿಲು ಜಾರಿಮಾಡಬೇಕಿದ್ದವರಲ್ಲಿ ಒಬ್ಬರಾದ ಬಿಷಪ್ ವೇನ್‌ಫ್ಲೀಟ್ ನಡುವೆ ಬಂದು ರಾಜಿ ಮಾಡಿಸಿದರು. ಜಮೀನಿನ ದೊಡ್ಡ ಪಾಲು ಅವರೇ ಸ್ಥಾಪಿಸಿದ್ದ ಆಕ್ಸ್‌ಫರ್ಡಿನ ಮಾಗ್ಡಲೆನ್ ಕಾಲೇಜಿಗೆ ಹೋಯಿತು. ಧರ್ಮಸಂಸ್ಥೆಯ ಸಂಕಲ್ಪವೂ ಅಲ್ಲಿಗೇ ಹೋಯಿತು, ಏಳು ಬಡವರ ಬದಲು ಏಳು ಬಡ ವಿದ್ಯಾರ್ಥಿಗಳು ಅಂತ. 1476ರ ಜನವರಿಯಲ್ಲಿ ನಾರ್ಫೋಕ್ ಡ್ಯೂಕ್ ಇದ್ದಕ್ಕಿದ್ದ ಹಾಗೆ ಸತ್ತ ಮೇಲೆ ಕೇಸ್ಟರ್ ಪಾಸ್ಟನ್‌ರಿಗೆ ವಾಪಸ್ ಬಂತು. ಸ್ಕ್ರೋಪ್‌ಗೆ ಕಾಸಲ್ ಕೂಂಬ್ 1459ರಲ್ಲೇ ಸಿಕ್ಕಿತ್ತು, ಅವನಿಗಾಗ ಅರವತ್ತರ ಹತ್ತಿರ ಹತ್ತಿರ. ಕೇಸ್ಟರಿನಲ್ಲಿ ಇರಬೇಕಾಗಿದ್ದ ಆ ಏಳು ಬಡವರು ಮಾತ್ರ ಅಲ್ಲಿಗೆ ಬರಲೇ ಇಲ್ಲ.