ಗುಡ್ಡೆಯ ಬೆಂಕಿ ಮನೆಗೆ ಇಳಿದರೆ ವಿಮೆ ಸಿಗುತ್ತದೆಯೇ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆ, ಗುಡ್ಡೆಯ ಬುಡದಲ್ಲಿದೆ. ಮೇಲೆ ಮುಳಿಹುಲ್ಲಿನ ಪದವು, ಒಂದು ಮಗ್ಗುಲಿಗೆ ಗೇರು ತೋಟ. ಬೇಸಿಗೆಯಲ್ಲಿ ಗುಡ್ಡೆಗೆ ಬೆಂಕಿ ಬೀಳದ ವರ್ಷವಿಲ್ಲ. ಮನೆಗೆ ವಿಮೆ ಮಾಡಿಸೋಣವೆಂದರೆ, ಕಾಡ್ಗಿಚ್ಚಿಗೆ ವಿಮೆ ಇಲ್ಲ, ಕಟ್ಟಿದ ದುಡ್ಡು ದಂಡ ಅನ್ನುತ್ತಾರೆ. ಹೌದೇ?

ಉತ್ತರ: ಅಲ್ಲ. ಮನೆಗೆ ಮಾಡಿಸುವ ಸಾಮಾನ್ಯ ಬೆಂಕಿ ವಿಮೆಯಲ್ಲೇ ಕಾಡ್ಗಿಚ್ಚು ಸೇರಿದೆ. ಅದಕ್ಕೆ ಬೇರೆ ಪ್ರೀಮಿಯಂ ಇಲ್ಲ, ಬೇರೆ ಅರ್ಜಿಯೂ ಇಲ್ಲ. ಪ್ರತಿ ಬೇಸಿಗೆ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಬೇಸಿಗೆ ಇದೇ ಉತ್ತರ ಹೋಗುತ್ತದೆ. ಆದರೂ ಮದುವೆ ಮನೆಯಲ್ಲಿ, ಸೊಸೈಟಿ ಜಗಲಿಯಲ್ಲಿ ಯಾರೋ ಹೇಳಿದ ಮಾತೇ ಗೆಲ್ಲುತ್ತದೆ. ಈ ಸಲ ಆ ಮಾತು ಎಲ್ಲಿಂದ ಬಂತು ಎನ್ನುವುದನ್ನೇ ಬುಡದಿಂದ ನೋಡೋಣ.

2021ರ ಏಪ್ರಿಲ್ 1ರ ಮೊದಲು ಮನೆಗಳಿಗೆ ಕೊಡುತ್ತಿದ್ದದ್ದು ಸ್ಟ್ಯಾಂಡರ್ಡ್ ಫೈರ್ ಆ್ಯಂಡ್ ಸ್ಪೆಷಲ್ ಪೆರಿಲ್ಸ್ ಎಂಬ ಪಾಲಿಸಿ. ಅಂಗಡಿಗೂ ಅದೇ, ಕಾರ್ಖಾನೆಗೂ ಅದೇ, ಮನೆಗೂ ಅದೇ. ಅದರಲ್ಲಿ ಬುಷ್ ಫೈರ್, ಅಂದರೆ ಪೊದೆ–ಕುರುಚಲಿನ ಬೆಂಕಿ, ಮೂಲ ಪಟ್ಟಿಯಲ್ಲೇ ಇತ್ತು. ಫಾರೆಸ್ಟ್ ಫೈರ್ ಇರಲಿಲ್ಲ. ಬೇಕಾದವರು ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕಿತ್ತು. ನಮ್ಮಲ್ಲಿ ಹಾಗೆ ಸೇರಿಸಿಕೊಂಡವರು ವಿರಳ. ರಿಸರ್ವ್ ಕಾಡಿನ ಅಂಚಿನ ಮನೆಗೆ ಕಾಡಿನಿಂದಲೇ ಬೆಂಕಿ ಬಂದರೆ ಕ್ಲೇಮು ತಿರಸ್ಕರಿಸಲು ಆಗ ದಾರಿಯಿತ್ತು. ಇವತ್ತು ಊರಲ್ಲಿ ಓಡಾಡುತ್ತಿರುವುದು ಆ ಕಾಲದ ಮಾತು.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಮನೆಗಳಿಗಾಗಿಯೇ ಭಾರತ್ ಗೃಹ ರಕ್ಷಾ ಎಂಬ ಪಾಲಿಸಿಯನ್ನು ತಂದಿದೆ. ಬೆಂಕಿ ವಿಮೆ ಮಾರುವ ಪ್ರತಿಯೊಂದು ಕಂಪನಿಯೂ ಇದನ್ನು ಇಟ್ಟುಕೊಂಡಿರಲೇಬೇಕು. ಮೂಲ ಒಕ್ಕಣೆ ಎಲ್ಲ ಕಡೆ ಒಂದೇ. ಅದರಲ್ಲಿ ಬುಷ್ ಫೈರ್, ಫಾರೆಸ್ಟ್ ಫೈರ್, ಜಂಗಲ್ ಫೈರ್ ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿದ್ದಾರೆ. ನಿಮ್ಮ ಕೈಯಲ್ಲಿ ಪಾಲಿಸಿ ಇದ್ದರೆ ತೆಗೆದು ನೋಡಿ. ಮೊದಲ ಪುಟದ ಹೆಸರು ನೋಡಿ, ಒಳಗಿನ ಅವಘಡಗಳ ಪಟ್ಟಿಯಲ್ಲಿ ಆ ಸಾಲನ್ನು ಹುಡುಕಿ. ಐದು ನಿಮಿಷದ ಕೆಲಸ. ಬೆಂಕಿ ಮುಳಿಹುಲ್ಲಿನಿಂದ ಬಂತೇ, ಗೇರು ತೋಟದಿಂದ ಬಂತೇ, ಕಾರಡ್ಕದ ರಿಸರ್ವಿನಿಂದ ಇಳಿಯಿತೇ ಎಂಬ ತಕರಾರಿಗೆ ಅಲ್ಲಿ ಜಾಗವೇ ಇಲ್ಲ.

'ಇದು ದೇವರ ಕೆಲಸ, ಯಾರೂ ಹಚ್ಚಿದ್ದಲ್ಲ, ಹಾಗಾಗಿ ಕಂಪನಿ ಕೊಡುವುದಿಲ್ಲ' ಎನ್ನುವುದು ಇದೇ ಮಾತಿನ ಇನ್ನೊಂದು ರೂಪ. ಸಿಡಿಲು, ನೆರೆ, ಭೂಕಂಪ, ಗುಡ್ಡ ಜಾರುವುದು ಯಾರು ಮಾಡಿದ ಕೆಲಸ? ಅವೆಲ್ಲವೂ ಅದೇ ಪಟ್ಟಿಯಲ್ಲಿವೆ. ಪ್ರಕೃತಿಯಿಂದಾಗುವ ನಷ್ಟಕ್ಕೂ ಈ ವಿಮೆ ಇದೆ. ಯಾರಾದರೂ ಬೀಡಿ ಎಸೆದು ಹೊತ್ತಿಕೊಂಡರೂ ಸರಿ, ನಿಮ್ಮದೇ ಬಚ್ಚಲ ಒಲೆಯಿಂದ ಕಿಡಿ ಹಾರಿದರೂ ಸರಿ. ಸಿಗದಿರುವುದು ನೀವೇ ಬೇಕೆಂದು ಹಚ್ಚಿದ ಬೆಂಕಿಗೆ, ಮತ್ತೆ ಸರಕಾರಿ ಅಧಿಕಾರಿಯ ಆದೇಶದ ಮೇಲೆ ಸುಟ್ಟ ಸೊತ್ತಿಗೆ.

ಮಾತು ಇಷ್ಟು ಗಟ್ಟಿಯಾಗಿ ಉಳಿಯಲು ಇನ್ನೊಂದು ಕಾರಣವಿದೆ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಗುಡ್ಡೆಯ ಬೆಂಕಿಗೆ ಮೊದಲು ಸುಡುವುದು ಗೇರು, ಅಡಿಕೆ, ರಬ್ಬರ್. ಮನೆಯ ವಿಮೆ ಮಾಡಿಸಿದವರು ತೋಟದ ನಷ್ಟ ಕೇಳುತ್ತಾರೆ, ಕಂಪನಿ ಇಲ್ಲ ಅನ್ನುತ್ತದೆ, 'ಕಾಡ್ಗಿಚ್ಚಿಗೆ ಕೊಡಲಿಲ್ಲ' ಎಂದು ಊರಿಡೀ ಸುದ್ದಿಯಾಗುತ್ತದೆ. ಕೊಡದಿದ್ದದ್ದು ಮರಗಳಿಗೆ. ಮರ, ಬೆಳೆ ಮನೆಯ ಪಾಲಿಸಿಯಲ್ಲಿ ಇಲ್ಲ. ಅದಕ್ಕೆ ಕೃಷಿಭವನದಲ್ಲಿ ಬೆಳೆ ವಿಮೆಯನ್ನು ಬೇರೆಯೇ ಕೇಳಬೇಕು. ಮಾರಲು ಮೂಟೆ ಕಟ್ಟಿಟ್ಟ ಅಡಿಕೆಯನ್ನೂ ಮನೆಸಾಮಾನಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ಅಂಗಡಿ, ಗೋಡೌನಿನ ದಾಸ್ತಾನಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿ ಇದೆ, ಒಟ್ಟು ಸೊತ್ತಿನ ಮೌಲ್ಯ 5 ಕೋಟಿ ರೂಪಾಯಿವರೆಗಿನವರಿಗೆ.

ಇನ್ನು ಎಷ್ಟಕ್ಕೆ ಮಾಡಿಸಬೇಕು ಎಂಬುದು. ಜಾಗದ ಬೆಲೆ ಸೇರಿಸಬೇಡಿ, ನೆಲ ಸುಡುವುದಿಲ್ಲ. ಗೋಡೆಗಳ ಒಳಗಿನ ಅಳತೆ, ಅಂದರೆ ಕಾರ್ಪೆಟ್ ಏರಿಯಾ, ಇದನ್ನು ಈಗ ಹೊಸದಾಗಿ ಕಟ್ಟಲು ತಗಲುವ ದರದಿಂದ ಗುಣಿಸಿ. ಪಂಚಾಯತಿನ ಕಟ್ಟಡ ತೆರಿಗೆ ಲೆಕ್ಕದ್ದು ಗೋಡೆಯೂ ಸೇರಿದ ಅಳತೆ, ಅದನ್ನು ನೋಡಿ ಬರೆಯಬೇಡಿ, ಟೇಪು ಹಿಡಿದು ಅಳೆಯಿರಿ. 1,000 ಚದರಡಿ, ಚದರಡಿಗೆ 2,000 ರೂಪಾಯಿ ಎಂದಿಟ್ಟುಕೊಂಡರೆ ಕಟ್ಟಡದ ಮೊತ್ತ 20 ಲಕ್ಷ. ಅದರ ಶೇಕಡಾ 20, ಅಂದರೆ 4 ಲಕ್ಷ, ಮನೆಸಾಮಾನಿಗೆ ತಾನಾಗಿಯೇ ಸೇರುತ್ತದೆ. ಹೀಗೆ ಸೇರುವುದಕ್ಕೆ ಮಿತಿ 10 ಲಕ್ಷ. ಚಿನ್ನ, ಬೆಲೆಬಾಳುವ ವಸ್ತುಗಳನ್ನು ಪ್ರತ್ಯೇಕವಾಗಿ ಬರೆಸಬೇಕು. ನಗದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಸುಟ್ಟ ಅವಶೇಷ ತೆಗೆಸಲು ಕ್ಲೇಮಿನ ಶೇಕಡಾ 2ರವರೆಗೆ, ಎಂಜಿನಿಯರ್ ಶುಲ್ಕಕ್ಕೆ ಶೇಕಡಾ 5ರವರೆಗೆ ಮೇಲಿಂದ ಸಿಗುತ್ತದೆ. ಮನೆ ವಾಸಕ್ಕಾಗದೆ ಬಾಡಿಗೆ ಮನೆಗೆ ಹೋಗಬೇಕಾದರೆ ಆ ಬಾಡಿಗೆಯೂ ಪಾಲಿಸಿಯ ಒಳಗಿದೆ. ಅದನ್ನು ಕೇಳದೇ ಬಿಡುವವರೇ ಹೆಚ್ಚು.

ಕಾಂಪೌಂಡು ಗೋಡೆ, ನೀರಿನ ಟ್ಯಾಂಕಿ, ಸೋಲಾರ್ ಫಲಕಗಳೆಲ್ಲ ಕಟ್ಟಡದ ಭಾಗವೇ. ಮೊತ್ತ ಹಾಕುವಾಗ ಅವುಗಳ ಖರ್ಚನ್ನೂ ಸೇರಿಸಿ. ಮನೆಗೆ ತಾಗಿದ ಹಟ್ಟಿ, ಸೌದೆ ಕೊಟ್ಟಿಗೆಯನ್ನು ಹೆಸರು ಹಿಡಿದೇ ಬರೆಸಿ. ಹಂಚಿನ ಮನೆ ಕಚ್ಚಾ ಕಟ್ಟಡವಲ್ಲ. ಆದರೆ ಹುಲ್ಲಿನದೋ ಮಡಲಿನದೋ ಮಾಡು ಇದ್ದರೆ ಅದು ಕಚ್ಚಾ ಲೆಕ್ಕ. ಮುಚ್ಚಿಟ್ಟರೆ ಕ್ಲೇಮಿನ ಹೊತ್ತಿಗೆ ಅದೇ ಕಾಲಿಗೆ ತೊಡರುತ್ತದೆ. ಗಲ್ಫಿನಲ್ಲಿರುವವರು ಗಮನಿಸಿ: ಹಳೆಯ ಪಾಲಿಸಿಯಲ್ಲಿ ಮನೆ 30 ದಿನಕ್ಕಿಂತ ಹೆಚ್ಚು ಖಾಲಿ ಬಿದ್ದರೆ ವಿಮೆ ನಿಲ್ಲುವ ಷರತ್ತಿತ್ತು. ಬೀಗ ಹಾಕಿ ಹೋಗುವ ಮುಂಚೆ ಕಂಪನಿಗೆ ಲಿಖಿತವಾಗಿ ತಿಳಿಸಿ, ಅವರ ಉತ್ತರವನ್ನು ಜೋಪಾನ ಮಾಡಿ.

ಬೆಂಕಿ ಮನೆಗೆ ನುಗ್ಗುವುದು ಜ್ವಾಲೆಯಾಗಿಯೇ ಅಲ್ಲ, ಹೆಚ್ಚಾಗಿ ಕಿಡಿಯಾಗಿ. ಗಾಳಿಗೆ ಹಾರಿದ ಕಿಡಿ ಹಂಚಿನ ಸಂದಿನಿಂದ ಒಳಗೆ ಬಿದ್ದು, ಅಟ್ಟದಲ್ಲಿಟ್ಟ ತೆಂಗಿನ ಸಿಪ್ಪೆಯಲ್ಲೋ ಸೋಗೆಯಲ್ಲೋ ಹೊಗೆಯಾಡುತ್ತಾ ಕೂರುತ್ತದೆ. ಗುಡ್ಡೆಯ ಬೆಂಕಿ ಆರಿತೆಂದು ಎಲ್ಲರೂ ಮನೆಗೆ ಹೋದ ಮೇಲೆ ಮಾಡಿನ ಮರ, ಅಂದರೆ ಪಕಾಸು, ರೀಪು ಹೊತ್ತಿಕೊಳ್ಳುತ್ತದೆ. ಹಾಗಾಗಿ ಜನವರಿ ಮುಗಿಯುವ ಮೊದಲು ಅಟ್ಟ ಖಾಲಿ ಮಾಡಿ, ಹಂಚಿನ ಮೇಲಿನ ತರಗೆಲೆ ಗುಡಿಸಿ, ಸೌದೆ ರಾಶಿಯನ್ನು ಇಳಿಮಾಡಿನ ಕೆಳಗಿನಿಂದ ದೂರಕ್ಕೆ ಹಾಕಿ.

ನಮ್ಮಲ್ಲಿ ಬೆಂಕಿ ಆರಿಸುವುದು ನೆರೆಕರೆಯವರೇ, ಹಸಿ ಗೆಲ್ಲು ಹಿಡಿದು ಬಡಿದು. ಅದು ದೊಡ್ಡ ಸಂಗತಿ. ಆದರೆ ಅಗ್ನಿಶಾಮಕ ದಳಕ್ಕೆ ಕರೆಯೇ ಹೋಗದಿದ್ದರೆ ದಾಖಲೆ ಇರುವುದಿಲ್ಲ. ಬೆಂಕಿ ಆರಿಯೇ ಹೋಗುವಂತಿದ್ದರೂ 101ಕ್ಕೆ ಕರೆ ಮಾಡಿ. ಉಪ್ಪಳ, ಕಾಸರಗೋಡು, ಕುತ್ತಿಕೋಲು, ಯಾವ ಠಾಣೆಯಿಂದ ಬಂದರೋ ಅಲ್ಲಿಂದ ವರದಿ ಕೇಳಿ ಪಡೆಯಿರಿ. ಪೊಲೀಸರಿಗೂ ದೂರು ಕೊಡಿ. ಕಂಪನಿಗೆ ಅದೇ ದಿನ ತಿಳಿಸಿ; ಕ್ಲೇಮು ಫಾರಂ ಕೊಡಲು 30 ದಿನ ಇದೆಯೆಂದು ಸುದ್ದಿ ತಿಳಿಸುವುದನ್ನು ತಡಮಾಡಬೇಡಿ. ನಷ್ಟ ಅಂದಾಜು ಮಾಡುವ ವಿಮಾ ಸರ್ವೇಯರ್ ಬಂದು ನೋಡುವವರೆಗೆ ಸುಟ್ಟ ಪಕಾಸು, ಒಡೆದ ಹಂಚು ಇದ್ದಲ್ಲೇ ಇರಲಿ, ಫೋಟೋ ತೆಗೆದಿಡಿ. ಗಲಾಟೆಯಲ್ಲಿ ಅಂಗಳಕ್ಕೆ ತಂದಿಟ್ಟ ಸಾಮಾನು 7 ದಿನದೊಳಗೆ ಕಳವಾದರೆ ಅದಕ್ಕೂ ರಕ್ಷಣೆಯಿದೆ. ಕಂಪನಿಗೆ ಕೊಟ್ಟ ದೂರನ್ನು ಅದು ತಿರಸ್ಕರಿಸಿದರೆ, ಅಥವಾ ಆ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ, ಇಂಥ ದೂರು ವಿಚಾರಿಸುವ ಕೊಚ್ಚಿಯ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ: ನಾವು ತರಗೆಲೆಗೆ ಹಾಕಿದ ಬೆಂಕಿ ನೆರೆಮನೆ ಸುಟ್ಟರೆ? ಅವರಿಗೆ ವಿಮೆ ಇದ್ದರೆ ಅವರ ಕಂಪನಿ ಅವರಿಗೆ ಕೊಡುತ್ತದೆ. ಆಮೇಲೆ ಅದೇ ಕಂಪನಿ ಅವರ ಜಾಗದಲ್ಲಿ ನಿಂತು, ನಿಮ್ಮ ಅಜಾಗ್ರತೆಯಿಂದ ಆದದ್ದೆಂದು, ಆ ಹಣವನ್ನು ನಿಮ್ಮಿಂದ ವಸೂಲು ಮಾಡಬಹುದು. ನೆರೆಯವರು 'ಹೋಗಲಿ ಬಿಡಿ' ಅಂದರೂ ಕಂಪನಿ ಅನ್ನಬೇಕೆಂದಿಲ್ಲ. ಬೆಂಕಿಯ ವಿಷಯದಲ್ಲಿ ಅಜಾಗ್ರತೆಗೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮಿನಲ್ಲಿ 6 ತಿಂಗಳವರೆಗೆ ಸಜೆಯೂ ಇದೆ. ನಿಮ್ಮ ಗೃಹ ರಕ್ಷಾ ಪಾಲಿಸಿ ನಿಮ್ಮ ಸೊತ್ತಿನ ನಷ್ಟಕ್ಕೆ, ಇನ್ನೊಬ್ಬರಿಗೆ ನೀವು ಕೊಡಬೇಕಾದ ಪರಿಹಾರಕ್ಕಲ್ಲ. ಅದಕ್ಕೆ ಹೌಸ್‌ಹೋಲ್ಡರ್ಸ್ ಪ್ಯಾಕೇಜ್ ಪಾಲಿಸಿಗಳಲ್ಲಿ ಪಬ್ಲಿಕ್ ಲಯಬಿಲಿಟಿ ಎಂಬ ವಿಭಾಗ ಇರುತ್ತದೆ. ಏಜೆಂಟರು ತಾವಾಗಿ ಹೇಳುವುದು ಕಡಿಮೆ, ನೀವೇ ಹೆಸರು ಹೇಳಿ ಕೇಳಿ. ತೋಟದ ತರಗೆಲೆ ಸುಡುವ ವಾಡಿಕೆ ಇರುವ ಮನೆಯವರಂತೂ ಕೇಳದೆ ಸಹಿ ಹಾಕಬೇಡಿ.